ಟ್ರಾನ್ಸ್ ಮಹಿಳೆಯಾಗಿ ಕೂದಲು ಗಿಡ್ಡವಾಗಿಟ್ಟುಕೊಂಡರೆ ನಮ್ಮವರೇ ಏಕೆ ಆಕ್ಷೇಪಿಸುತ್ತಾರೆ?

ಪ್ರಶ್ನೆ — ಬರೆದವರು: ಕಿರುಗೂದಲು

ನಾನು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಲಾಗಿದ್ದ ಹೆಣ್ಣು. ಹಾರ್ಮೋನ್ ಚಿಕಿತ್ಸೆ ಆರಂಭಿಸಿ ಕೆಲವು ವರ್ಷಗಳು ಕಳೆದಿವೆ. ದಾಖಲೆಗಳಲ್ಲಿ ಹೆಸರು ಬದಲಾಗಿದೆ. ಕೆಲಸದ ಜಾಗದಲ್ಲಿ ಎಲ್ಲರೂ ನನ್ನನ್ನು ಹೆಣ್ಣೆಂದೇ ತಿಳಿದು ಹಾಗೆಯೇ ಮಾತನಾಡಿಸುತ್ತಾರೆ. ಆದರೆ ನನಗೆ ಮೊದಲಿನಿಂದಲೂ ಉದ್ದ ಕೂದಲು ಇಷ್ಟವಿಲ್ಲ. ಕಿವಿ ಕಾಣುವಂತೆ ಕತ್ತರಿಸಿಕೊಳ್ಳುತ್ತೇನೆ, ಸಡಿಲವಾದ ಪ್ಯಾಂಟು ಮತ್ತು ಅಂಗಿ ತೊಡುತ್ತೇನೆ, ಮುಖಕ್ಕೆ ಏನನ್ನೂ ಹಚ್ಚಿಕೊಳ್ಳುವುದಿಲ್ಲ. ಬಿಡುವಿದ್ದಾಗ ಹಳೆಯ ಬೈಕುಗಳ ಎಂಜಿನ್ ಬಿಚ್ಚಿ ಜೋಡಿಸುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಉಗುರಿನ ಸಂದಿಯಲ್ಲಿ ಗ್ರೀಸ್ ಇಲ್ಲದ ದಿನಗಳು ಕಡಿಮೆ. ಹೀಗೆಯೇ ಬದುಕುವ, ಹುಟ್ಟಿದಂದಿನಿಂದಲೂ ಹೆಣ್ಣೆಂದೇ ಗುರುತಿಸಿಕೊಂಡು ಬಂದ ಅನೇಕ ಮಹಿಳೆಯರನ್ನು ನಾನು ಬಲ್ಲೆ. ಅವರು ಹೆಣ್ಣು ಹೌದೋ ಅಲ್ಲವೋ ಎಂದು ಯಾರೂ ಚಕಾರ ಎತ್ತುವುದಿಲ್ಲ.

ಹೊರಗಿನವರ ಮಾತಿಗೆ ನಾನು ಒಗ್ಗಿಹೋಗಿದ್ದೇನೆ. ಈಗ ನೋವಾಗಿರುವುದು ನಮ್ಮವರಿಂದ. ನಾನು ಹೋಗುವ ಬೆಂಬಲ ಗುಂಪಿನ ಕಳೆದ ಸಭೆಯಲ್ಲಿ ಹೊಸದಾಗಿ ಬಂದವರಿಗೆ ಎಲ್ಲರೂ ತಮ್ಮ ಪರಿಚಯ ಹೇಳಿಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಹಿರಿಯ ಸದಸ್ಯೆಯೊಬ್ಬರು ಕೈಚೀಲದಿಂದ ಲಿಪ್‌ಸ್ಟಿಕ್ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಖದ ಮುಂದೆ ಹಿಡಿದು, "ಮೊದಲು ಇದನ್ನು ಹಚ್ಚಿಕೋ, ಆಮೇಲೆ ಹೆಣ್ಣು ಎಂದು ಹೇಳಿಕೊಳ್ಳುವೆಯಂತೆ" ಎಂದರು. ಕೆಲವರು ನಕ್ಕರು, ಕೆಲವರು ತಲೆ ತಗ್ಗಿಸಿದರು. ಸಭೆ ನಡೆಸುತ್ತಿದ್ದವರು ಏನೂ ಹೇಳದೆ ಪಕ್ಕದವರ ಕಡೆಗೆ ತಿರುಗಿದರು. ಸಭೆ ಮುಗಿದ ಮೇಲೆ ಇನ್ನೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಗಂಡಿನ ಹಾಗೆಯೇ ಇರುವುದಾದರೆ ಇಷ್ಟೆಲ್ಲ ಕಷ್ಟಪಡಬೇಕಿತ್ತೇ? ನಿನ್ನನ್ನು ನೋಡಿದವರು ನಮ್ಮೆಲ್ಲರದ್ದೂ ನಾಟಕ ಎಂದುಕೊಳ್ಳುತ್ತಾರೆ" ಎಂದರು. ಅವರ ದನಿಯಲ್ಲಿ ದ್ವೇಷವಿರಲಿಲ್ಲ, ಕಾಳಜಿಯೇ ಇತ್ತು. ಅದು ನನಗೆ ಇನ್ನೂ ಹೆಚ್ಚು ಕಷ್ಟವಾಯಿತು.

ಗಂಡು ಹೀಗಿರಬೇಕು, ಹೆಣ್ಣು ಹಾಗಿರಬೇಕು ಎಂಬ ಕಟ್ಟುಪಾಡುಗಳಿಂದ ಇಷ್ಟೊಂದು ಪೆಟ್ಟು ತಿಂದ ನಮ್ಮ ಸಮುದಾಯದೊಳಗೇ ಅವು ಇಷ್ಟು ಗಟ್ಟಿಯಾಗಿ ಬೇರೂರಿರುವುದು ಏಕೆ? ಇಂತಹ ಗುಂಪಿನಲ್ಲಿ ಉಳಿದು ಮಾತನಾಡುವುದರಿಂದ ಪ್ರಯೋಜನವಿದೆಯೇ? ಇನ್ನೊಂದು ವಿಷಯವನ್ನೂ ಕೇಳಬೇಕಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ನಡೆಯುವ ಮನೋವೈದ್ಯಕೀಯ ಮೌಲ್ಯಮಾಪನಕ್ಕೆ ನಾನು ಸದ್ಯದಲ್ಲೇ ಹೋಗಬೇಕು. ಆ ದಿನವಾದರೂ ವಿಗ್ ಧರಿಸಿ, ಅಲಂಕಾರ ಮಾಡಿಕೊಂಡು ಹೋಗದಿದ್ದರೆ ತಿರಸ್ಕರಿಸುತ್ತಾರೆ ಎಂದು ಹಲವರು ಹೆದರಿಸಿದ್ದಾರೆ. ಈ ಮಾತಿನಲ್ಲಿ ಎಷ್ಟು ಸತ್ಯವಿದೆ?

ಉತ್ತರ — ಬರೆದವರು: ನೀಲಿಶಾಯಿ

ನಿಮ್ಮ ಮೊದಲ ಪ್ರಶ್ನೆಯ ಹಿಂದೆ ಒಂದು ಇತಿಹಾಸವಿದೆ. ಅದನ್ನು ತಿಳಿದುಕೊಂಡರೆ ಆ ಹಿರಿಯರ ನಡೆ ಸರಿ ಎನಿಸಲಾರದು, ಆದರೆ ಅದು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1966ರಲ್ಲಿ ಟ್ರಾನ್ಸ್ ಜನರಿಗೆ ಚಿಕಿತ್ಸೆ ನೀಡುವ ಲಿಂಗತ್ವ ಚಿಕಿತ್ಸಾಲಯ ಆರಂಭವಾಯಿತು; ಅದರ ಬೆನ್ನಿಗೇ ಇತರ ವಿಶ್ವವಿದ್ಯಾಲಯಗಳಲ್ಲಿಯೂ ಅಂತಹ ಕೇಂದ್ರಗಳು ತೆರೆದವು. ಅಲ್ಲಿಗೆ ಬಂದವರ ಸಂಖ್ಯೆಗೆ ಹೋಲಿಸಿದರೆ ಚಿಕಿತ್ಸೆ ದೊರೆತವರು ತೀರ ಕಡಿಮೆ, ಮತ್ತು ಯಾರಿಗೆ ಕೊಡಬೇಕೆಂಬ ತೀರ್ಮಾನ ಸಂಪೂರ್ಣವಾಗಿ ವೈದ್ಯರದಾಗಿತ್ತು. ಚಿಕಿತ್ಸೆಯ ನಂತರ ಜನರ ನಡುವೆ ಯಾರ ಕಣ್ಣಿಗೂ ಬೀಳದೆ ಬೆರೆತುಹೋಗುವ, ಗಂಡಸರಲ್ಲಿ ಆಸಕ್ತಿ ಇರುವ, ಆ ಕಾಲದ ಮಧ್ಯಮ ವರ್ಗದ ಗೃಹಿಣಿಯಂತೆ ಉಟ್ಟು ತೊಟ್ಟು ನಡೆಯಬಲ್ಲ ಟ್ರಾನ್ಸ್ ಮಹಿಳೆಯರು ಅವರಿಗೆ ಸೂಕ್ತ ಅಭ್ಯರ್ಥಿಗಳಾಗಿ ಕಾಣುತ್ತಿದ್ದರು. ಹಾಗಿರದವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಸಹಜವಾಗಿಯೇ ಜನರು ಯಾವ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ ಎಂಬುದನ್ನು ಕಲಿತು ಒಬ್ಬರಿಗೊಬ್ಬರು ಕಲಿಸಿಕೊಟ್ಟರು. ವೈದ್ಯ ಹ್ಯಾರಿ ಬೆಂಜಮಿನ್ 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿನ ಲಕ್ಷಣಗಳಿಗೆ ಅಭ್ಯರ್ಥಿಗಳೆಲ್ಲ ಅಚ್ಚುಕಟ್ಟಾಗಿ ಹೊಂದುತ್ತಿರುವುದನ್ನು ಕಂಡು ಸಂಶೋಧಕರು ಮೊದಲು ಸಂತೋಷಪಟ್ಟರು. ಅಭ್ಯರ್ಥಿಗಳೂ ಅದೇ ಗ್ರಂಥವನ್ನು ಓದಿಕೊಂಡೇ ಬರುತ್ತಿದ್ದಾರೆ ಎಂಬುದು ಅವರಿಗೆ ಹೊಳೆಯಲು ವರ್ಷಗಳೇ ಹಿಡಿದವು. ಟ್ರಾನ್ಸ್ ವಿದ್ವಾಂಸೆ ಸ್ಯಾಂಡಿ ಸ್ಟೋನ್ 1991ರಲ್ಲಿ ಅಚ್ಚಾದ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾರೆ. ಅಂದರೆ ವೈದ್ಯರ ನಂಬಿಕೆಯನ್ನು ನಮ್ಮವರು ಅನಿವಾರ್ಯವಾಗಿ ಒಪ್ಪಿಸಿದರು, ವೈದ್ಯರು ಅದನ್ನೇ ಸಾಕ್ಷ್ಯವೆಂದು ಬರೆದಿಟ್ಟುಕೊಂಡರು, ಮುಂದೆ ಬಂದವರು ಆ ಬರಹಕ್ಕೆ ತಕ್ಕಂತೆ ತಮ್ಮನ್ನು ತಿದ್ದಿಕೊಂಡರು.

ಲೂ ಸಲಿವನ್ ಅವರ ಬದುಕನ್ನು ಈ ಸಂದರ್ಭದಲ್ಲಿ ನೆನೆಯಲೇಬೇಕು. ಅವರು ಟ್ರಾನ್ಸ್ ಪುರುಷ, ಜೊತೆಗೆ ಗೇ. 1980ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಿಂಗತ್ವ ಚಿಕಿತ್ಸಾ ಕಾರ್ಯಕ್ರಮ ಅವರಿಗೆ ಪ್ರವೇಶ ನಿರಾಕರಿಸಿತು. ಗಂಡಸರನ್ನು ಪ್ರೀತಿಸುವುದಾದರೆ ಹೆಣ್ಣಾಗಿಯೇ ಇರಬಹುದಲ್ಲ ಎಂಬುದು ಆ ಕಾಲದ ವೈದ್ಯರ ತರ್ಕವಾಗಿತ್ತು. ಸಲಿವನ್ ಸುಮ್ಮನಾಗಲಿಲ್ಲ. ವೈದ್ಯರಿಗೆ ಪತ್ರಗಳನ್ನು ಬರೆದರು, ಅವರೊಡನೆ ವಾದಿಸಿದರು, 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ರಾನ್ಸ್ ಪುರುಷರಿಗಾಗಿ ಒಂದು ಗುಂಪು ಕಟ್ಟಿದರು, 1991ರಲ್ಲಿ ಏಡ್ಸ್‌ನಿಂದ ತೀರಿಕೊಳ್ಳುವವರೆಗೂ ಈ ವಿಷಯವನ್ನು ಬಿಡಲಿಲ್ಲ. ಯಾರನ್ನು ಪ್ರೀತಿಸುತ್ತೇವೆ ಎಂಬುದರಿಂದ ನಾವು ಯಾರು ಎಂಬುದು ತೀರ್ಮಾನವಾಗುವುದಿಲ್ಲ ಎಂದು ಇಂದು ವೈದ್ಯಕೀಯ ಲೋಕ ಒಪ್ಪಿರುವುದರಲ್ಲಿ ಅವರ ಪಾಲು ದೊಡ್ಡದು. ನಿಮ್ಮ ಕೂದಲು, ಪ್ಯಾಂಟು ಮತ್ತು ಎಂಜಿನ್‌ಗಳ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ.

ಈಗ ಮೌಲ್ಯಮಾಪನದ ವಿಷಯ. ನಿಮ್ಮನ್ನು ಹೆದರಿಸಿದವರ ಮಾತು ಹಿಂದೆ ನಿಜವಾಗಿತ್ತು. ಅಪೇಕ್ಷಿತ ಲಿಂಗತ್ವದ ಪಾತ್ರದಲ್ಲಿ ಹಗಲಿರುಳು ಬದುಕಿ ತೋರಿಸಬೇಕೆಂಬ ಷರತ್ತು ದಶಕಗಳ ಕಾಲ ಜಾರಿಯಲ್ಲಿತ್ತು. ಆ ಬದುಕು ಉಡುಪಿನಲ್ಲಿಯೇ ಕಾಣಬೇಕೆಂದು ಅನೇಕ ವೈದ್ಯರು ಬಯಸುತ್ತಿದ್ದರು. ಟ್ರಾನ್ಸ್ ಆರೋಗ್ಯಕ್ಕೆ ಸಂಬಂಧಿಸಿದ ವಿಶ್ವ ವೃತ್ತಿಪರ ಸಂಘಟನೆಯಾದ ಡಬ್ಲ್ಯುಪಾತ್ 2011ರಲ್ಲಿ ಹೊರತಂದ ಮಾರ್ಗಸೂಚಿಯ ಏಳನೆಯ ಆವೃತ್ತಿಯೂ ಜನನಾಂಗದ ಶಸ್ತ್ರಚಿಕಿತ್ಸೆಗೆ ಮುನ್ನ 12 ತಿಂಗಳು ಹಾಗೆ ಬದುಕಿರಬೇಕೆಂದು ಹೇಳಿತ್ತು. 2022ರ ಎಂಟನೆಯ ಆವೃತ್ತಿ ಆ ಷರತ್ತನ್ನು ಕೈಬಿಟ್ಟಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯ ಕೈಪಿಡಿಯಲ್ಲಿ ಇಂತಹ ನಿರ್ಣಯಕ್ಕೆ ವಯಸ್ಕರಿಗೆ ಆರು ಮಾನದಂಡಗಳಿವೆ. ದೇಹದ ಬಗೆಗಿನ ಅಸಾಂಗತ್ಯ, ಯಾವ ಲಿಂಗತ್ವದವರಾಗಿ ಬದುಕಲು ಮತ್ತು ಪರಿಗಣಿತರಾಗಲು ಬಯಸುತ್ತಾರೆ ಎಂಬಂತಹ ಅಂಶಗಳು ಅಲ್ಲಿವೆಯೇ ಹೊರತು ಉಡುಪಾಗಲಿ ಕೇಶವಾಗಲಿ ಹವ್ಯಾಸವಾಗಲಿ ಒಂದರಲ್ಲಿಯೂ ಇಲ್ಲ. ಮಕ್ಕಳ ಪಟ್ಟಿಯಲ್ಲಿ ಮಾತ್ರ ಆಟಿಕೆ, ಉಡುಪು, ಒಡನಾಡಿಗಳ ಪ್ರಸ್ತಾಪ ಇಂದಿಗೂ ಇದೆ, ಅದರ ಬಗ್ಗೆ ನನಗೆ ತೀವ್ರವಾದ ಆಕ್ಷೇಪವಿದೆ, ಆದರೆ ಅದು ಬೇರೆಯೇ ಚರ್ಚೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ಐಸಿಡಿ-11 ಎಂಬ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣ ಇನ್ನೂ ಸ್ಪಷ್ಟವಾಗಿದೆ: ಲಿಂಗತ್ವ ಅಸಾಂಗತ್ಯವನ್ನು, ಅಂದರೆ ತನ್ನ ಅರಿವಿನ ಲಿಂಗತ್ವಕ್ಕೂ ಹುಟ್ಟಿದಾಗ ಗುರುತಿಸಿದ ಲಿಂಗಕ್ಕೂ ಹೊಂದಿಕೆಯಾಗದಿರುವುದನ್ನು, ಅದು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತಂದು ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಇರಿಸಿತು, ರೂಢಿಗೆ ಹೊಂದದ ವರ್ತನೆ ಮತ್ತು ಅಭಿರುಚಿಗಳಷ್ಟೇ ಈ ನಿರ್ಣಯಕ್ಕೆ ಆಧಾರವಾಗಲಾರವು ಎಂದೂ ಬರೆಯಿತು. ಎಂಜಿನ್ ಬಿಚ್ಚುವ ಹುಡುಗಿ ಆ ಕಾರಣಕ್ಕಾಗಿಯೇ ಹುಡುಗನಾಗುವುದಿಲ್ಲ ಎಂದಾದರೆ, ಎಂಜಿನ್ ಬಿಚ್ಚುವ ಟ್ರಾನ್ಸ್ ಮಹಿಳೆಯೂ ಆ ಕಾರಣಕ್ಕಾಗಿ ಗಂಡಸಾಗುವುದಿಲ್ಲ.

ಪುಸ್ತಕದಲ್ಲಿ ಹೀಗಿದೆ ಎಂದ ಮಾತ್ರಕ್ಕೆ ನಿಮ್ಮೆದುರು ಕುಳಿತ ವೈದ್ಯರೂ ಹೀಗೆಯೇ ಯೋಚಿಸುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ಆದರೆ ಅವರು ಬೇರೆ ರೀತಿ ಯೋಚಿಸಿದರೆ ಈಗಿನ ಮಾರ್ಗಸೂಚಿಗಳು ಅವರ ಬೆನ್ನಿಗಿಲ್ಲ, ನಿಮ್ಮ ಬೆನ್ನಿಗಿವೆ.

ಉತ್ತರ — ಬರೆದವರು: ಹಳೆಯ ಹೆಜ್ಜೆ

ನಾನು ವಯಸ್ಸಿನಲ್ಲಿ ಇಲ್ಲಿನ ಬಹುತೇಕರಿಗಿಂತ ಹಿರಿಯಳು. ನಿಮ್ಮ ಮುಂದೆ ಲಿಪ್‌ಸ್ಟಿಕ್ ಹಿಡಿದುದು ತಪ್ಪು. ಹತ್ತು ಜನರ ಎದುರಿಗೆ ಒಬ್ಬರ ಮರ್ಯಾದೆ ತೆಗೆಯುವ ಹಕ್ಕು ವಯಸ್ಸಿನಿಂದ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದನ್ನು ಆ ನಡೆಯ ಸಮರ್ಥನೆಯೆಂದು ಯಾರೂ ಓದಬಾರದು.

ನೀಲಿಶಾಯಿಯವರು ಎಲ್ಲವನ್ನೂ ಚಿಕಿತ್ಸಾಲಯಗಳ ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ. ನನ್ನ ತಲೆಮಾರಿನ ನಮ್ಮಲ್ಲಿ ಹೆಚ್ಚಿನವರು ಅಂತಹ ಚಿಕಿತ್ಸಾಲಯದ ಮುಖವನ್ನೇ ನೋಡಲಿಲ್ಲ. ನಮಗೆ ಉಡುಪಿನ ಪಾಠ ಕಲಿಸಿದ್ದು ರಸ್ತೆ. ದನಿ ಗಡುಸಾಗಿದ್ದು, ಮುಖದ ಮೇಲೆ ಕೂದಲಿನ ನೆರಳು ಉಳಿದಿದ್ದು, ಅದನ್ನು ತೆಗೆಸಲು ಕೈಯಲ್ಲಿ ಹಣವಿಲ್ಲದ ಹೆಣ್ಣಿಗೆ ತಾನು ಹೆಣ್ಣೆಂದು ಅಪರಿಚಿತರಿಗೆ ತಿಳಿಸಲು ಉಳಿದಿದ್ದ ದಾರಿ ಯಾವುದು? ಉಡುಪು ಮತ್ತು ಅಲಂಕಾರವೇ ಅವಳ ಪರವಾಗಿ ಮಾತನಾಡಬೇಕಿತ್ತು. ಅಲಂಕಾರ ಸರಿಯಾಗಿದ್ದ ದಿನ ಯಾರೂ ತಿರುಗಿ ನೋಡದೆ ಮನೆ ಸೇರುತ್ತಿದ್ದೆವು; ಅದು ಕೆಟ್ಟ ದಿನ ಏನಾಗುತ್ತಿತ್ತು ಎಂಬುದನ್ನು ವಿವರಿಸಲು ನನಗೆ ಇಷ್ಟವಿಲ್ಲ. ಅಂತಹ ವರ್ಷಗಳನ್ನು ದಾಟಿ ಬಂದವರಿಗೆ ಕಿರಿಯಳೊಬ್ಬಳು ಗಿಡ್ಡ ಕೂದಲಿನಲ್ಲಿ ನಿರಾಳವಾಗಿ ಬಂದು ಕುಳಿತಾಗ ಒಳಗೆ ಭಯ ಏಳುತ್ತದೆ. ಆ ಭಯ ಅನೇಕ ಸಲ ಸಿಟ್ಟಿನ ವೇಷದಲ್ಲಿ ಹೊರಬರುತ್ತದೆ. ನಿಮ್ಮನ್ನು ಪಕ್ಕಕ್ಕೆ ಕರೆದು ಮಾತನಾಡಿದವರ ದನಿಯಲ್ಲಿದ್ದ ಕಾಳಜಿ ನಿಜವಾದದ್ದೇ ಇರಬೇಕು ಎಂದು ನನಗೆ ತೋರುತ್ತದೆ.

ಇನ್ನೊಂದು ವಿಷಯದಲ್ಲಿ ಎಲ್ಲರೂ ಎಚ್ಚರವಾಗಿರಬೇಕೆಂದು ಕೇಳಿಕೊಳ್ಳುತ್ತೇನೆ. ಇಂತಹ ಚರ್ಚೆಗಳು ಸ್ವಲ್ಪ ದೂರ ಸಾಗಿದ ಮೇಲೆ ಅಲಂಕಾರ ಮಾಡಿಕೊಳ್ಳುವ ಟ್ರಾನ್ಸ್ ಮಹಿಳೆಯರನ್ನು ಹಳೆಯ ಕಾಲದವರು, ಹೆಣ್ತನದ ಗೊಂಬೆಗಳು ಎಂದು ಹೀಗಳೆಯುವ ಕಡೆಗೆ ಹೊರಳುವುದನ್ನು ನಾನು ಕಂಡಿದ್ದೇನೆ. ನಮ್ಮ ಮೇಲೆ ಎರಡೂ ಕಡೆಯಿಂದ ಆರೋಪವಿದೆ. ಸಿಂಗರಿಸಿಕೊಂಡರೆ ಹೆಣ್ಣನ್ನು ಅಲಂಕಾರಕ್ಕೆ ಇಳಿಸಿದಿರಿ ಎನ್ನುತ್ತಾರೆ, ಸಿಂಗರಿಸಿಕೊಳ್ಳದಿದ್ದರೆ ಹೆಣ್ಣೇ ಅಲ್ಲ ಎನ್ನುತ್ತಾರೆ. ಕಾಡಿಗೆ ಹಚ್ಚಿಕೊಳ್ಳುವಾಗ ನನಗಾಗುವ ಸಂತೋಷ ನನ್ನದು. ಚಿಕ್ಕಂದಿನಲ್ಲಿ ಕದ್ದು ಹಚ್ಚಿಕೊಂಡು, ಯಾರಾದರೂ ಬರುವ ಮೊದಲೇ ಉಜ್ಜಿ ಉಜ್ಜಿ ತೊಳೆದು, ಕಣ್ಣು ಕೆಂಪಾಗಿಸಿಕೊಂಡಿದ್ದವಳಿಗೆ ಈಗ ಕನ್ನಡಿಯ ಮುಂದೆ ನಿಧಾನವಾಗಿ ಹಚ್ಚಿಕೊಳ್ಳುವುದು ಸಣ್ಣ ವಿಷಯವಲ್ಲ. ಅದು ನಿಮಗೂ ಬೇಕೆಂದು ನಾನು ಹೇಳುವುದಿಲ್ಲ. ನನಗೆ ಬೇಡವೆಂದು ಯಾರೂ ಹೇಳದಿರಲಿ.

ಉತ್ತರ — ಬರೆದವರು: ತಿಳಿಗೊಳ

ಟ್ರಾನ್ಸ್ ಪುರುಷರ ನಡುವೆಯೂ ಇದು ಹೀಗೆಯೇ ಇದೆ, ಆದರೆ ಇದರ ಬಗ್ಗೆ ನಾವು ಕಡಿಮೆ ಮಾತನಾಡುತ್ತೇವೆ. ನಾನು ಮಾತನಾಡುವಾಗ ಕೈಗಳನ್ನು ಹೆಚ್ಚಾಗಿ ಆಡಿಸುತ್ತೇನೆ, ಅದು ನನ್ನ ಸ್ವಭಾವ. ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬರು, ನನ್ನ ಒಳಿತಿಗಾಗಿಯೇ ಎಂದು ನಂಬಿ, ನನ್ನ ಕೈ ಮೇಲೆದ್ದಾಗಲೆಲ್ಲ ಮೇಜಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟುತ್ತಿದ್ದರು. ಕೈ ಕೆಳಗಿಳಿಸು ಎಂಬುದಕ್ಕೆ ಅದು ಸನ್ನೆ. ಕೆಲವು ತಿಂಗಳು ಹೀಗೆ ನಡೆದ ಮೇಲೆ ಆ ಮೇಜಿನ ಬಳಿ ನಾನು ಮಾತನಾಡುವುದೇ ಕಡಿಮೆಯಾಯಿತು. ಕಾಲು ಹೇಗೆ ಚಾಚಿ ಕೂರಬೇಕು, ನಗುವಾಗ ಬಾಯಿ ಎಷ್ಟು ತೆರೆಯಬೇಕು, ಅಳು ಬಂದರೆ ಎಲ್ಲಿಗೆ ಎದ್ದು ಹೋಗಬೇಕು ಎಂಬುದಕ್ಕೆಲ್ಲ ಅಲ್ಲಿ ಸಲಹೆಗಳಿದ್ದವು. ನನಗೆ ಕ್ರೋಶಾ ಹೆಣೆಯುವುದು ಗೊತ್ತು, ಅದನ್ನು ನಾನು ಬಹಳ ಪ್ರೀತಿಯಿಂದ ಮಾಡುತ್ತೇನೆ. ಅದನ್ನು ತಿಳಿದವರೊಬ್ಬರು, ಹಾಗಿದ್ದರೆ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಏಕೆ ಎಂದು ಗಂಭೀರವಾಗಿಯೇ ಕೇಳಿದರು. ಟೆಸ್ಟೋಸ್ಟೆರಾನ್ ನನ್ನ ದನಿಯನ್ನು ಇಳಿಸಿತು, ಗಡ್ಡ ತಂದಿತು, ನನ್ನ ದೇಹ ನನ್ನದೆಂದು ಅನ್ನಿಸುವಂತೆ ಮಾಡಿತು. ನನ್ನ ಬೆರಳುಗಳಿಗೆ ನೂಲಿನ ಮೇಲಿರುವ ಆಸೆಯನ್ನು ಅದು ತೆಗೆಯಬೇಕೆಂದು ನಾನು ಯಾವ ವೈದ್ಯರನ್ನೂ ಕೇಳಿರಲಿಲ್ಲ.

ನನಗೆ ಅತ್ಯಂತ ಬೇಸರ ತರುವುದು ಇನ್ನೊಂದು ಸಂಗತಿ. ಗಂಡಸು ಎಂದು ಒಪ್ಪಿಸಿಕೊಳ್ಳುವ ಆತುರದಲ್ಲಿ ನಮ್ಮಲ್ಲಿ ಕೆಲವರು ಹೆಂಗಸರ ಬಗ್ಗೆ ಕೀಳಾಗಿ ಮಾತನಾಡುತ್ತಾರೆ. ಜೊತೆಯಲ್ಲಿರುವ ಇತರ ಗಂಡಸರು ನಕ್ಕರೆ ತಾವು ಒಳಗಿನವರಾದೆವು ಎಂದುಕೊಳ್ಳುತ್ತಾರೆ. ಹೆಣ್ಣೆಂದು ಪರಿಗಣಿತರಾಗಿ ಇಂತಹ ಮಾತುಗಳನ್ನು ಸ್ವತಃ ಕೇಳಿಸಿಕೊಂಡು ಬೆಳೆದ ನಾವು ಅವುಗಳನ್ನೇ ಪ್ರವೇಶಶುಲ್ಕವಾಗಿ ಕಟ್ಟುವುದು ನನಗೆ ಸಹಿಸಲಾಗದು. ಮೃದುವಾದ ಗಂಡಸನ್ನು ಕಂಡರೆ ಮೂಗು ಮುರಿಯುವುದು, ಗಡುಸಾದ ಹೆಣ್ಣನ್ನು ಕಂಡರೆ ಅನುಮಾನಿಸುವುದು ಇವೆರಡೂ ಹೆಣ್ತನವೆಂದರೆ ಕೀಳು ಎಂಬ ಒಂದೇ ನಂಬಿಕೆಯಿಂದ ಹುಟ್ಟುತ್ತವೆ ಎಂದು ನನಗೆ ಅನ್ನಿಸುತ್ತದೆ. ಗಂಡಸಿನಲ್ಲಿ ಅದು ಕಂಡರೆ ಅವನು ಜಾರಿದ ಹಾಗೆ, ಹೆಣ್ಣಿನಲ್ಲಿ ಅದು ಕಾಣದಿದ್ದರೆ ಅವಳು ತನ್ನ ಜಾಗವನ್ನು ಮರೆತ ಹಾಗೆ.

ಉತ್ತರ — ಬರೆದವರು: ನಡುಹಗಲು

ನಾನು ನಾನ್‌ಬೈನರಿ, ಅಂದರೆ ಗಂಡು ಅಥವಾ ಹೆಣ್ಣು ಎಂದಷ್ಟೇ ಗುರುತಿಸಿಕೊಳ್ಳದ ವ್ಯಕ್ತಿ. ನನಗೆ ದಟ್ಟವಾದ ಗಡ್ಡವಿದೆ, ಅದನ್ನು ತೆಗೆಯುವ ಇಚ್ಛೆ ನನಗಿಲ್ಲ. ತೆಳ್ಳನೆಯ ಮೈ, ಗಿಡ್ಡ ಕೂದಲು, ಗಂಡೋ ಹೆಣ್ಣೋ ಎಂದು ಹೇಳಲಾಗದ ಮುಖ ಇರುವವರು ಮಾತ್ರ ನಿಜವಾದ ನಾನ್‌ಬೈನರಿ ಎಂಬ ಚಿತ್ರವೊಂದು ನಮ್ಮವರ ಮನಸ್ಸಿನಲ್ಲಿಯೂ ಕುಳಿತಿದೆ. ದಪ್ಪಗಿರುವವರಿಗೆ, ವಯಸ್ಸಾದವರಿಗೆ, ಗಡ್ಡವಿರುವವರಿಗೆ, ತುಂಬಿದ ಎದೆಯಿದ್ದೂ ಅದನ್ನು ಮರೆಮಾಡಲು ಬಯಸದವರಿಗೆ ಆ ಚಿತ್ರದಲ್ಲಿ ಜಾಗವಿಲ್ಲ. ಗಂಡು ಮತ್ತು ಹೆಣ್ಣು ಎಂಬ ಎರಡು ಅಚ್ಚುಗಳು ಸಾಲವೆಂದು ಹೊರಬಂದ ನಾವು ಮೂರನೆಯ ಅಚ್ಚೊಂದನ್ನು ಎರಕ ಹೊಯ್ಯುವುದು ಬೇಡ. ಕಿರುಗೂದಲು ಅವರೇ, ಗುಂಪನ್ನು ಬಿಡುವ ಮೊದಲು, ಆ ದಿನ ತಲೆ ತಗ್ಗಿಸಿದವರಲ್ಲಿ ಒಬ್ಬರೊಡನೆ ಮಾತನಾಡಿ ನೋಡಿ. ಅವರಿಗೂ ಹೇಳಲು ಏನಾದರೂ ಇದ್ದಿರಬೇಕು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ — ಕಿರುಗೂದಲು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಹಳೆಯ ಹೆಜ್ಜೆಯವರೇ, ನಿಮ್ಮ ಮಾತನ್ನು ಎರಡು ಸಲ ಓದಿದೆ. ಅಲಂಕಾರ ಪ್ರಿಯರಾದ ಟ್ರಾನ್ಸ್ ಮಹಿಳೆಯರ ಬಗ್ಗೆ ನನಗೆ ಯಾವ ಅಸಮಾಧಾನವೂ ಇಲ್ಲ. ಮೊದಲ ದಿನಗಳಲ್ಲಿ ನನ್ನ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದವರು ಅಂತಹವರೇ. ನನಗೆ ಬೇಕಿರುವುದು ಅವರ ಪಕ್ಕದಲ್ಲಿ ನನ್ನ ಉಡುಪಿನಲ್ಲಿಯೇ ಕುಳಿತುಕೊಳ್ಳುವ ಅವಕಾಶ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಗೇ, ಲೆಸ್ಬಿಯನ್, ದ್ವಿಲಿಂಗಾಕರ್ಷಿತರೆಲ್ಲರೂ ಸೇರುವ ದೊಡ್ಡ ಕ್ವಿಯರ್ ಸಭೆಗಳಿಗೆ ಹೋದರೆ ಈ ಒತ್ತಡ ಕಡಿಮೆ ಇರಬಹುದೇ? ನಾನು ಹೆಣ್ಣುಗಳನ್ನು ಪ್ರೀತಿಸುವವಳಾದ್ದರಿಂದ ಅಲ್ಲಿಗೆ ಹೋಗುವ ಆಲೋಚನೆಯೂ ಇದೆ.

ಉತ್ತರ — ಬರೆದವರು: ಎರಡು ಜಡೆ

ನಾನು ಲೆಸ್ಬಿಯನ್. ಉದ್ದ ಕೂದಲು, ಹೂವಿನ ಚಿತ್ತಾರದ ಉಡುಪು, ಬಳೆ, ಇವೆಲ್ಲ ನನಗೆ ಇಷ್ಟ. ಕ್ವಿಯರ್ ಸಭೆಗೆ ಹೋದಾಗ ಬಾಗಿಲಲ್ಲಿ ನಿಂತ ಸ್ವಯಂಸೇವಕರು, ನೀವು ಯಾರಿಗಾದರೂ ಬೆಂಬಲ ನೀಡಲು ಬಂದವರೇ ಎಂದು ಕೇಳುವುದುಂಟು. ನನ್ನ ಸಂಗಾತಿಯ ತಲೆಗೂದಲು ನಿಮ್ಮದರಂತೆಯೇ ಗಿಡ್ಡ. ಅವಳನ್ನು ಯಾರೂ ಹಾಗೆ ಕೇಳುವುದಿಲ್ಲ, ಬದಲಿಗೆ ನಿಮ್ಮಿಬ್ಬರಲ್ಲಿ ಗಂಡ ನೀವೇ ತಾನೇ ಎಂದು ಕೇಳುತ್ತಾರೆ. ಹಾಗಾಗಿ ಅಲ್ಲಿ ಒತ್ತಡವೇ ಇರುವುದಿಲ್ಲ ಎಂದು ನಾನು ಹೇಳಲಾರೆ. ಅದರ ದಿಕ್ಕು ಬೇರೆಯಾಗಿರಬಹುದು.

ಇದಕ್ಕೂ ದೀರ್ಘವಾದ ಹಿನ್ನೆಲೆ ಇದೆ. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪನೆಯಾದ ಡಾಟರ್ಸ್ ಆಫ್ ಬಿಲಿಟಿಸ್, ಅಮೆರಿಕದ ಲೆಸ್ಬಿಯನ್ನರ ಆರಂಭಿಕ ಸಂಘಟನೆ. ಸಮಾಜಕ್ಕೆ ಒಪ್ಪಿಗೆಯಾಗುವ ನಡೆನುಡಿ ಮತ್ತು ಉಡುಪನ್ನು ಪ್ರತಿಪಾದಿಸುವುದನ್ನು ಅದು ತನ್ನ ಉದ್ದೇಶಗಳ ಪಟ್ಟಿಯಲ್ಲಿಯೇ ಸೇರಿಸಿಕೊಂಡಿತ್ತು. ಅಂದರೆ ಪ್ಯಾಂಟು ತೊಟ್ಟ, ಗಿಡ್ಡ ಕೂದಲಿನ, ಕಾರ್ಖಾನೆಗಳಲ್ಲಿ ದುಡಿಯುವ ಬುಚ್ ಹೆಂಗಸರು ಸ್ವಲ್ಪ ತಿದ್ದಿಕೊಳ್ಳಲಿ ಎಂಬ ಇಂಗಿತ. 1965ರಿಂದ 1969ರವರೆಗೆ ಪ್ರತಿವರ್ಷ ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್ ಎದುರು ನಡೆದ ಸಲಿಂಗಿಗಳ ಹಕ್ಕಿನ ಪ್ರದರ್ಶನಗಳಲ್ಲಿ ಗಂಡಸರು ಕೋಟು ಮತ್ತು ಟೈ, ಹೆಂಗಸರು ಫ್ರಾಕು ತೊಡಬೇಕೆಂಬ ನಿಯಮವಿತ್ತು. 1969ರ ಪ್ರದರ್ಶನದಲ್ಲಿ ಇಬ್ಬರು ಹೆಂಗಸರು ಕೈ ಹಿಡಿದು ನಡೆದಾಗ ಮುಂದಾಳು ಫ್ರ್ಯಾಂಕ್ ಕೆಮನಿ ಅವರೇ ಬಂದು ಆ ಕೈಗಳನ್ನು ಬಿಡಿಸಿದರು. ಸರ್ಕಾರಿ ಕೆಲಸದಿಂದ ವಜಾಗೊಂಡು ಅದರ ವಿರುದ್ಧ ಹೋರಾಡಿದ ಧೀರ ವ್ಯಕ್ತಿ ಅವರು, ಅವರ ಋಣ ನಮ್ಮೆಲ್ಲರ ಮೇಲಿದೆ. ಆದರೂ ಆ ಕೈ ಬಿಡಿಸಿದ ಗಳಿಗೆಯನ್ನು ನೆನೆದಾಗ ನನ್ನ ಮನಸ್ಸು ಕುಗ್ಗುತ್ತದೆ.

ಮುಂದಿನ ದಶಕದಲ್ಲಿ ಆಕ್ಷೇಪಗಳ ಭಾಷೆ ಬದಲಾಯಿತು. ಗಂಡಸರ ಶೈಲಿಯ ಬುಚ್ ಮತ್ತು ಹೆಂಗಸರ ಶೈಲಿಯ ಫೆಮ್ ಲೆಸ್ಬಿಯನ್ ಜೋಡಿಗಳು ಗಂಡ-ಹೆಂಡತಿಯರ ನಕಲು ಎಂದು ಸ್ತ್ರೀವಾದಿ ಲೆಸ್ಬಿಯನ್ನರಲ್ಲಿ ಹಲವರು ಟೀಕಿಸಿದರು. ಆಗ ನನ್ನಂತಹ ಫೆಮ್ ಹೆಂಗಸರೂ ನನ್ನ ಸಂಗಾತಿಯಂತಹ ಬುಚ್ ಹೆಂಗಸರೂ ಒಟ್ಟಿಗೇ ತಪ್ಪಿತಸ್ಥರಾದರು. 1973ರಲ್ಲಿ ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಪ್ರೈಡ್ ಮೆರವಣಿಗೆಯ ನಂತರ ನಡೆದ ಸಭೆಯಲ್ಲಿ ಟ್ರಾನ್ಸ್ ಹೋರಾಟಗಾರ್ತಿ ಸಿಲ್ವಿಯಾ ರಿವೆರಾ ವೇದಿಕೆ ಏರಿದಾಗ ನೆರೆದ ಜನರೇ ಕೂಗಿ ಅಡ್ಡಿಪಡಿಸಿದರು. ಸಹ ಹೋರಾಟಗಾರ್ತಿ ಮಾರ್ಷಾ ಪಿ. ಜಾನ್ಸನ್ ಜೊತೆ ಸೇರಿ ಬೀದಿಪಾಲಾದ ಟ್ರಾನ್ಸ್ ಯುವಜನರಿಗೆ ಆಸರೆ ಕಟ್ಟಿದ್ದ, ಜೈಲಿನಲ್ಲಿ ಕೊಳೆಯುತ್ತಿರುವ ನಮ್ಮವರನ್ನು ಮರೆಯಬೇಡಿ ಎಂದು ಹೇಳಲು ಬಂದಿದ್ದ ರಿವೆರಾ ಅವರು ಆ ಕೂಗಾಟದ ನಡುವೆಯೇ ತಮ್ಮ ಮಾತನ್ನು ಪೂರೈಸಿದರು. ಅದೇ ವೇದಿಕೆಯಿಂದ, ಹೆಣ್ಣಿನ ಉಡುಪು ತೊಡುವ ಡ್ರ್ಯಾಗ್ ಕಲಾವಿದರು ಹೆಂಗಸರನ್ನು ಅಣಕಿಸುತ್ತಾರೆ ಎಂಬ ಹೇಳಿಕೆಯೊಂದನ್ನೂ ಓದಲಾಯಿತು. ಇಂದು ಕೆಲವು ಗೇ ಗಂಡಸರು ಡೇಟಿಂಗ್ ಆ್ಯಪ್‌ಗಳಲ್ಲಿ ಹೆಣ್ಣಿಗರು ಬೇಡ, ಗಂಡಸಿನ ಹಾಗಿರುವವರು ಮಾತ್ರ ಸಂಪರ್ಕಿಸಿ ಎಂದು ಬರೆದುಕೊಳ್ಳುವುದನ್ನು ನೋಡಿದಾಗ, ಹೊರಗಿನವರಿಗೆ ಮುಜುಗರವಾಗದಂತೆ ನಮ್ಮನ್ನು ನಾವೇ ಸೋಸುವ ಆ ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ ಎಂದು ತಿಳಿಯುತ್ತದೆ. ಇಷ್ಟರ ಮೇಲೂ ನಿಮ್ಮನ್ನು ಕರೆಯುತ್ತೇನೆ. ಗಿಡ್ಡ ಕೂದಲಿನ, ಎಂಜಿನ್ ರಿಪೇರಿ ಮಾಡುವ ಹೆಂಗಸು ನಮ್ಮ ಸಭೆಗಳಲ್ಲಿ ಅಪರೂಪವಲ್ಲ. ಟ್ರಾನ್ಸ್ ಎಂಬ ಕಾರಣಕ್ಕೆ ಯಾರಾದರೂ ನಿಮ್ಮನ್ನು ಬೇರೆಯಾಗಿ ಕಂಡರೆ, ಅದಕ್ಕೆ ಉತ್ತರ ಕೊಡಬೇಕಾದವರು ನಾವು. ಆ ಹೊರೆಯನ್ನು ನೀವೊಬ್ಬರೇ ಹೊರಬೇಕಾಗಿಲ್ಲ.

ಉತ್ತರ — ಬರೆದವರು: ಸಭೆಯ ಬೆಂಚು

ನಾನು ಬೇರೊಂದು ಬೆಂಬಲ ಗುಂಪಿನ ಸಭೆಗಳನ್ನು ನಡೆಸುವವನು. ನಿಮ್ಮ ಬರಹದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಲಿಪ್‌ಸ್ಟಿಕ್ ಹಿಡಿದವರಿಗಿಂತ, ಸಭೆ ನಡೆಸುತ್ತಿದ್ದವರು ಪಕ್ಕಕ್ಕೆ ತಿರುಗಿದ ಸಂಗತಿ. ಹಿರಿಯರ ಮುಲಾಜಿಗೆ ಬಿದ್ದು ಅವರು ಸುಮ್ಮನಾಗಿರಬಹುದು. ಆದರೆ ಅಂತಹ ಮೌನದಿಂದ ಉಳಿದವರೆಲ್ಲ ಕಲಿಯುವುದೇನೆಂದರೆ, ಇಲ್ಲಿ ಹೀಗೆ ಮಾಡಬಹುದು ಎಂದು. ಹೊಸದಾಗಿ ಬಂದಿದ್ದವರ ಪೈಕಿ ಎಷ್ಟು ಜನ ಮರುದಿನವೇ ಬೇಡದ ಅಲಂಕಾರವನ್ನು ಮಾಡಿಕೊಂಡಿರಬಹುದು ಎಂದು ಯೋಚಿಸಿ.

ಸಭೆ ನಡೆಸುವವರಿಗೆ ನೀವು ನೇರವಾಗಿ ಒಂದು ಪತ್ರ ಬರೆಯಿರಿ. ಗುಂಪಿನ ನಿಯಮಗಳಲ್ಲಿ, ಒಬ್ಬರ ಉಡುಪು, ದನಿ, ದೇಹ, ಚಿಕಿತ್ಸೆಯ ಹಂತ ಇವುಗಳ ಬಗ್ಗೆ ಅವರು ಕೇಳದ ಹೊರತು ಸಲಹೆ ಕೊಡಬಾರದು ಎಂಬ ಒಂದು ವಾಕ್ಯವನ್ನು ಸೇರಿಸಲು ಕೇಳಿ. ಆಧಾರ ಬೇಕೆಂದರೆ ಯೋಗ್ಯಕರ್ತ ತತ್ವಗಳನ್ನು ತೋರಿಸಿ: ಲೈಂಗಿಕ ಒಲವು ಮತ್ತು ಲಿಂಗತ್ವ ಗುರುತಿಗೆ ಮಾನವ ಹಕ್ಕುಗಳನ್ನು ಅನ್ವಯಿಸಲು ತಜ್ಞರು 2006ರಲ್ಲಿ ರೂಪಿಸಿದ ಈ ತತ್ವಗಳಿಗೆ 2017ರಲ್ಲಿ ಪೂರಕ ಭಾಗವೊಂದು ಸೇರಿತು, ಲಿಂಗತ್ವ ಅಭಿವ್ಯಕ್ತಿಯನ್ನು, ಅಂದರೆ ಉಡುಪು, ಕೂದಲು, ನಡೆನುಡಿಗಳಲ್ಲಿ ಲಿಂಗತ್ವವನ್ನು ತೋರುವ ಬಗೆಯನ್ನು, ಲಿಂಗತ್ವ ಗುರುತಿನ ಜೊತೆಗೇ, ಹಕ್ಕುಗಳ ರಕ್ಷಣೆಗೆ ಪ್ರತ್ಯೇಕವಾದ ಆಧಾರವಾಗಿ ಅದು ಹೆಸರಿಸಿದೆ. ಅರ್ಜೆಂಟೀನಾ 2012ರಲ್ಲಿಯೇ ಶಸ್ತ್ರಚಿಕಿತ್ಸೆಯನ್ನಾಗಲಿ ವೈದ್ಯರ ಪ್ರಮಾಣಪತ್ರವನ್ನಾಗಲಿ ಕೇಳದೆ, ವ್ಯಕ್ತಿಯ ಸ್ವಂತ ಹೇಳಿಕೆಯ ಮೇಲೆ ದಾಖಲೆ ತಿದ್ದಿಕೊಡುವ ಕಾನೂನು ಮಾಡಿತು. ಒಂದು ದೇಶದ ಸರ್ಕಾರ ಕೇಳದ ಪುರಾವೆಯನ್ನು ನಮ್ಮ ಬೆಂಬಲ ಗುಂಪು ಕೇಳುವುದು ಸರಿಯೇ ಎಂದು ಪತ್ರದಲ್ಲಿಯೇ ಪ್ರಶ್ನಿಸಬಹುದು. ನಮ್ಮ ಗುಂಪಿನಲ್ಲಿ ಈ ನಿಯಮ ತಂದಾಗ ಕೆಲವು ಹಿರಿಯರು ಬೇಸರಗೊಂಡರು. ಹಾಗಾಗಿ, ಸಲಹೆ ಬೇಕಾದವರಿಗಾಗಿ ಸಭೆಯ ನಂತರ ಪ್ರತ್ಯೇಕ ಸಮಯ ಇಟ್ಟೆವು. ದನಿಯ ಅಭ್ಯಾಸ, ಅಲಂಕಾರ, ಸುರಕ್ಷಿತವಾಗಿ ಓಡಾಡುವ ಬಗೆ, ಇವೆಲ್ಲವನ್ನೂ ಅಲ್ಲಿ ಅವರೇ ಕಲಿಸುತ್ತಾರೆ. ಅಲ್ಲಿಗೆ ಹೋಗುವವರು ಕಡಿಮೆಯೇನಿಲ್ಲ.

ಉತ್ತರ — ಬರೆದವರು: ಹಳೆಯ ಹೆಜ್ಜೆ

ಕಿರುಗೂದಲು ಅವರೇ, ಮೌಲ್ಯಮಾಪನಕ್ಕೆ ನಿಮ್ಮ ಎಂದಿನ ಉಡುಪಿನಲ್ಲಿಯೇ ಹೋಗಿ. ವಿಗ್ ಧರಿಸಿ ಹೋದರೆ ಮುಂದಿನ ಭೇಟಿಗೂ ಅದನ್ನೇ ಧರಿಸಬೇಕಾಗುತ್ತದೆ, ಮತ್ತು ವೈದ್ಯರು ನಿಮ್ಮ ದಿನಚರಿಯ ಬಗ್ಗೆ ಕೇಳಿದಾಗ ಎಂಜಿನ್‌ಗಳ ಮಾತನ್ನು ಮುಚ್ಚಿಡಬೇಕಾಗುತ್ತದೆ. ಹಾರ್ಮೋನ್ ಚಿಕಿತ್ಸೆಯ ದಾಖಲೆಗಳನ್ನೂ ಹೆಸರು ಬದಲಾದ ಪತ್ರಗಳನ್ನೂ ಒಂದು ಕಡತದಲ್ಲಿ ಜೋಡಿಸಿಕೊಳ್ಳಿ. ನಿಮ್ಮನ್ನು ಹತ್ತಿರದಿಂದ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಕೂದಲಿನ ಪ್ರಶ್ನೆ ಬಂದರೆ, ಇದು ನನಗೆ ಇಷ್ಟ, ನಾನು ಹೆಣ್ಣಾಗಿ ಹೀಗೆಯೇ ಬದುಕುತ್ತಿದ್ದೇನೆ ಎಂದು ನೇರವಾಗಿ ಹೇಳಿ. ಅದೇ ಕಾರಣಕ್ಕೆ ನಿರಾಕರಿಸಿದರೆ ನಿರಾಕರಣೆಯನ್ನು ಬರಹದಲ್ಲಿ ಕೇಳಿ ಪಡೆದುಕೊಂಡು ಇನ್ನೊಬ್ಬ ವೈದ್ಯರನ್ನು ಕಾಣಿರಿ. ಆ ಪತ್ರ ಕೈಗೆ ಬಂದರೆ ಇಲ್ಲಿ ತಿಳಿಸಿ, ಮುಂದಿನ ಹೆಜ್ಜೆಯನ್ನು ನಾವೆಲ್ಲ ಸೇರಿ ಯೋಚಿಸೋಣ.